ಪಾಂಟಿಯಾಕಿನ ಒಳಮೈ

1967ರ ಪಾಂಟಿಯಾಕ್ ಜಿಟಿಒ ಕಾರಿನ ಸೀಟು ಬಿಚ್ಚಿದರೆ ಒಳಗೆ ಗೋಣಿಬಟ್ಟೆ ಸಿಗುತ್ತದೆ. ಮೇಲೆ ನುಣುಪಾದ ಕಪ್ಪು ವಿನೈಲ್, ಅದರ ಕೆಳಗೆ ಫೋಮು, ಫೋಮು ಸ್ಪ್ರಿಂಗಿನೊಳಗೆ ಇಳಿದುಹೋಗದಂತೆ ನಡುವೆ ಒಂದು ಪದರ ಸೆಣಬಿನ ಗೋಣಿ. ಮಿಷಿಗನ್ ರಾಜ್ಯದ ಆಬರ್ನ್ ಹಿಲ್ಸ್‌ನಲ್ಲಿ, ನೆರೆಮನೆಯವರ ಗರಾಜಿನಲ್ಲಿ ಅದನ್ನು ಕಂಡಾಗ ಹಳೆಯ ಗುರುತಿನವರು ಸಿಕ್ಕಷ್ಟು ಸಂತೋಷವಾಯಿತು. ಹುಬ್ಬಳ್ಳಿಯಲ್ಲಿ ನನ್ನ ಸೋದರಮಾವನದು ಕುಶನ್ ಅಂಗಡಿ. ಅಂಬಾಸಿಡರ್, ಲಾರಿ, ಟೆಂಪೊ ಎಲ್ಲದರ ಸೀಟೂ ಅಲ್ಲಿಗೆ ಬರುತ್ತಿತ್ತು. ಶಾಲೆಗೆ ರಜೆ ಬಿಟ್ಟರೆ ದಬ್ಬಣಕ್ಕೆ ಸುತಳಿ ಪೋಣಿಸಿಕೊಡುವುದು, ತೆಂಗಿನ ನಾರು ಬಿಡಿಸುವುದು, ಹರಿದ ರೆಗ್ಜಿನ್ನಿನ ಹೊಲಿಗೆ ಬಿಚ್ಚುವುದು ನನ್ನ ಪಾಲಿನ ಕೆಲಸ. ಎಂಜಿನಿಯರಿಂಗ್ ಓದಿ ಅಮೆರಿಕ ಸೇರಿದ ಮೇಲೆ ಆ ಕೈಗೆಲಸ ಮತ್ತೆ ಬೇಕಾಗುತ್ತದೆಂದು ನಾನು ಎಣಿಸಿರಲಿಲ್ಲ.

ಬೇಕಾದದ್ದು 2009ರಲ್ಲಿ. ಡೆಟ್ರಾಯಿಟ್ ಸುತ್ತಮುತ್ತ ಓಣಿಗೊಬ್ಬರಾದರೂ ಕೆಲಸ ಕಳೆದುಕೊಂಡು ಕೂತಿದ್ದ ಕಾಲ. ನಾನಿದ್ದ ಬಿಡಿಭಾಗಗಳ ಕಂಪನಿಯೂ ಬಹಳ ಜನರನ್ನು ಮನೆಗೆ ಕಳಿಸಿತು, ಅದರಲ್ಲಿ ನಾನೂ ಒಬ್ಬ. ಬೆಳಿಗ್ಗೆ ಎದ್ದು ಅರ್ಜಿ ಹಾಕುವುದು, ಮಧ್ಯಾಹ್ನದ ಮೇಲೆ ಏನು ಮಾಡುವುದೆಂದು ತಿಳಿಯದೆ ಕಿಟಕಿಯಲ್ಲಿ ಹಿಮ ನೋಡುವುದು. ಪಕ್ಕದ ಮನೆಯ ಹಿರಿಯರು ಒಂದು ದಿನ ಬಾಗಿಲು ತಟ್ಟಿ, "ಕಾರಿನ ಒಳಛಾವಣಿ ಬಟ್ಟೆ ಕೂರಿಸಬೇಕು, ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ, ಬರುತ್ತೀಯಾ?" ಎಂದು ಕೇಳಿದರು. ಹೋದೆ. ಆ ಬಟ್ಟೆ ಕೂರಿಸುವ ಹೊತ್ತು ಬಂದದ್ದು ಬಹಳ ತಿಂಗಳ ನಂತರ. ಅಷ್ಟರಲ್ಲಿ ಇಡೀ ಕಾರಿನ ಒಳಮೈ, ಬಾನೆಟ್ಟಿನ ಕೆಳಗಿನದೆಲ್ಲ ನಮ್ಮಿಬ್ಬರ ಕೈಯಲ್ಲಿ ಬಿಚ್ಚಿ ಬಿದ್ದಿತ್ತು.

ಅವರು ಪಾಂಟಿಯಾಕ್ ಪಟ್ಟಣದ ಫೌಂಡ್ರಿಯಲ್ಲಿ ದುಡಿದು ನಿವೃತ್ತರಾದವರು. ಸೇರಿದ್ದು 1966ರಲ್ಲಿ. ಊರಿನ ಹೆಸರೇ ಕಾರಿಗೂ ಇತ್ತು, ಕಾರಿನ ಕೂಲಿಯಲ್ಲೇ ಊರು ಬದುಕಿತ್ತು. ಜಿಟಿಒ ಅವರಿಗೆ ಬರಿಯ ಕಾರಲ್ಲ, ಯೌವನದಲ್ಲಿ ತಾವು ಕೈಹಾಕಿದ ಕೆಲಸ.

ಆ ಕಾರಿನ ಹುಟ್ಟು ಹೇಳಲೇಬೇಕಾದ ಕತೆ. ಅರವತ್ತರ ದಶಕದ ಮೊದಲಿಗೆ ಜನರಲ್ ಮೋಟರ್ಸ್ ತನ್ನ ಮಧ್ಯಮ ಗಾತ್ರದ ಕಾರುಗಳಿಗೆ 330 ಕ್ಯೂಬಿಕ್ ಇಂಚಿಗಿಂತ ದೊಡ್ಡ ಎಂಜಿನ್ ಹಾಕಕೂಡದೆಂದು ಕಟ್ಟಳೆ ಮಾಡಿತ್ತು. ಪಾಂಟಿಯಾಕ್ ವಿಭಾಗದ ಜಾನ್ ಡಿಲೋರಿಯನ್, ಬಿಲ್ ಕಾಲಿನ್ಸ್, ರಸ್ ಗೀ ಎಂಬ ಎಂಜಿನಿಯರುಗಳು ದೊಡ್ಡ ಕಾರಿನ 389 ಕ್ಯೂಬಿಕ್ ಇಂಚಿನ ಎಂಜಿನ್ನನ್ನು ಹಗುರವಾದ ಟೆಂಪೆಸ್ಟ್ ಕಾರಿಗೆ ಕೂರಿಸಿದರು. ಹೊಸ ಮಾಡೆಲ್ ಎಂದರೆ ಮೇಲಿನವರ ಒಪ್ಪಿಗೆ ಬೇಕು, ಹೆಚ್ಚುವರಿ ಸೌಲಭ್ಯವೆಂದರೆ ಬೇಕಿಲ್ಲ. ಹಾಗಾಗಿ 1964ರಲ್ಲಿ ಜಿಟಿಒ ಹೊರಬಂದದ್ದು ಒಂದು ಹೆಚ್ಚುವರಿ ಸೌಲಭ್ಯವಾಗಿ. ಮೊದಲ ವರ್ಷವೇ 32,450 ಕಾರು ಹೋದವು. 1966ಕ್ಕೆ ಸ್ವತಂತ್ರ ಮಾಡೆಲ್ ಆಗಿ 96,946 ಮಾರಾಟವಾದವು, 1967ರಲ್ಲಿ 81,722. ಸಾಮಾನ್ಯ ಸಂಬಳದ ಹುಡುಗರು ಕೊಳ್ಳಬಹುದಾದ ಬೆಲೆಗೆ ಭಾರೀ ಎಂಜಿನ್ ಕೊಡುವ ಈ ಜಾತಿಗೇ ಮುಂದೆ ಮಸಲ್ ಕಾರು ಎಂಬ ಹೆಸರು ನಿಂತಿತು. ನಾನು ಹುಬ್ಬಳ್ಳಿಯಲ್ಲಿ ಕಂಡ ಅಂಬಾಸಿಡರಿನ ಎಂಜಿನ್ 1489 ಸಿಸಿ. ಈ ಜಿಟಿಒದ್ದು 400 ಕ್ಯೂಬಿಕ್ ಇಂಚು, ಅಂದರೆ 6,500 ಸಿಸಿಗೂ ಮೇಲೆ, 335 ಅಶ್ವಶಕ್ತಿ.

ಕಾರಿನ ಚಾಸಿ ನಂಬರು 242177ಪಿ ಎಂದು ಶುರುವಾಗುತ್ತಿತ್ತು. ಮೊದಲ 2 ಪಾಂಟಿಯಾಕ್ ವಿಭಾಗ, 42 ಜಿಟಿಒ, 17 ಎರಡು ಬಾಗಿಲಿನ ಹಾರ್ಡ್‌ಟಾಪ್, 7 ಎಂದರೆ 1967, ಪಿ ಎಂದರೆ ಪಾಂಟಿಯಾಕ್ ಪಟ್ಟಣದ ಕಾರ್ಖಾನೆ. ನಾವು ನಿಂತಿದ್ದ ಗರಾಜಿಗೂ ಅದು ಹುಟ್ಟಿದ ಜಾಗಕ್ಕೂ ಕಾರಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ಬಣ್ಣ ಲಿಂಡೆನ್ ಗ್ರೀನ್, ಒಳಗೆಲ್ಲ ಕಪ್ಪು. ಹೊರಮೈಗೆ ಹಿಂದೊಮ್ಮೆ ಒಳ್ಳೆಯ ಪೇಂಟಿಂಗ್ ಆಗಿತ್ತು, ಅದನ್ನು ನಾವು ಮುಟ್ಟಲಿಲ್ಲ. ಹಾಳಾಗಿದ್ದುದು ಕೂರುವ ಜಾಗ ಮತ್ತು ಎಂಜಿನ್ನಿನ ಸುತ್ತಲಿನ ಜಾಗ.

2009ರ ಏಪ್ರಿಲ್ 27ರಂದು ಪಾಂಟಿಯಾಕ್ ಬ್ರಾಂಡನ್ನೇ ಮುಚ್ಚುವುದಾಗಿ ಜನರಲ್ ಮೋಟರ್ಸ್ ಪ್ರಕಟಿಸಿತು. ಜೂನ್ 1ಕ್ಕೆ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಏಪ್ರಿಲಿನ ಸುದ್ದಿ ರೇಡಿಯೋದಲ್ಲಿ ಬಂದಾಗ ನಾವು ಮುಂದಿನ ಸೀಟು ಕೆಳಗಿಳಿಸುತ್ತಿದ್ದೆವು. ಹಿರಿಯರು ಸೀಟನ್ನು ಬೆಂಚಿನ ಮೇಲಿಟ್ಟು, "ಇನ್ನು ಹೊಸ ಪಾಂಟಿಯಾಕ್ ಬರುವುದಿಲ್ಲ. ಇರುವುದನ್ನು ಸರಿಯಾಗಿ ಇಡೋಣ" ಎಂದರು. ಅಲ್ಲಿಯವರೆಗೆ ಅವರು ಕ್ಯಾಟಲಾಗ್ ನೋಡಿ ಒಳಭಾಗದ ಪ್ರತಿಯೊಂದನ್ನೂ ಹೊಸದಾಗಿ ತರಿಸುವ ಲೆಕ್ಕದಲ್ಲಿದ್ದರು. ಅಮೆರಿಕದಲ್ಲಿ ಅದು ಕಷ್ಟವಲ್ಲ. ಸೀಟು ಕವರು, ಕಾರ್ಪೆಟ್ಟು, ಡೋರ್ ಪ್ಯಾನೆಲ್ಲು, ಸ್ಕ್ರೂ ಪೊಟ್ಟಣ, ಎಲ್ಲವನ್ನೂ ಹಳೆಯದರಂತೆಯೇ ಮಾಡಿ ಮಾರುವವರಿದ್ದಾರೆ. ಅಂದಿನಿಂದ ಅವರ ಲೆಕ್ಕ ತಿರುಗಿತು. ತೊಳೆದು ನೋಡದೆ ಯಾವುದನ್ನೂ ಬದಲಿಸುವುದು ಬೇಡ ಎಂದು ತೀರ್ಮಾನವಾಯಿತು. ನನಗೂ ಅದೇ ಸರಿ ಅನ್ನಿಸಿತು, ಇಂದಿಗೂ ಅನ್ನಿಸುತ್ತದೆ.

ಸೀಟಿನ ಕವರು ಉಳಿಯುವಂತಿರಲಿಲ್ಲ. ಪಾಂಟಿಯಾಕ್‌ನವರು ಮೊರೊಕೈಡ್ ಎಂದು ಕರೆಯುತ್ತಿದ್ದ ವಿನೈಲ್ ಅದು, ಚರ್ಮದಂತೆ ಕಾಣುವ ಗಟ್ಟಿ ಸರಕು. ಚಾಲಕನ ಸೀಟಿನ ಎಡ ಅಂಚು, ಹತ್ತಿಳಿಯುವಾಗ ತೊಡೆ ಉಜ್ಜುವ ಜಾಗ, ಪೂರ್ತಿ ಬಾಯಿಬಿಟ್ಟಿತ್ತು. ಕವರನ್ನು ಚೌಕಟ್ಟಿಗೆ ಹಿಡಿದಿರುವುದು ಹಾಗ್ ರಿಂಗ್ ಎಂಬ ತಂತಿಯ ಕೊಂಡಿಗಳು. ತೆರೆದ ಬಾಯಿಯ ಕೊಂಡಿಯನ್ನು ಅದಕ್ಕೆಂದೇ ಇರುವ ಇಕ್ಕಳದ ತೋಡಿನಲ್ಲಿ ಕೂರಿಸಿ ಒತ್ತಿದರೆ ಕವರಿನ ಕಂಬಿಯನ್ನೂ ಸ್ಪ್ರಿಂಗನ್ನೂ ಒಟ್ಟಿಗೆ ಕಚ್ಚಿ ಮುಚ್ಚಿಕೊಳ್ಳುತ್ತದೆ. ಹಿರಿಯರು ಹಳೆಯ ಕೊಂಡಿಗಳನ್ನು ಕಟರಿನಿಂದ ತುಂಡರಿಸುತ್ತ ಹೋದರು. ನಾನು ಕವರಿನ ಮಡಿಕೆಯೊಳಗಿದ್ದ ಕಂಬಿಗಳನ್ನು ಒಂದೊಂದಾಗಿ ಎಳೆದು, ಯಾವುದು ಯಾವ ಮಡಿಕೆಯದೆಂದು ಚೀಟಿ ಕಟ್ಟಿದೆ. ಹೊಸ ಕವರಿನ ಜೊತೆ ಆ ಕಂಬಿ ಬರುವುದಿಲ್ಲ. ಹಳೆಯದನ್ನೇ ತುಕ್ಕು ಉಜ್ಜಿ ಮತ್ತೆ ತೂರಿಸಬೇಕು. ಸ್ಪ್ರಿಂಗಿನ ಚೌಕಟ್ಟು ತಂತಿ ಬ್ರಷ್ಷಿನಿಂದ ಉಜ್ಜಿಸಿಕೊಂಡು ಕಪ್ಪು ಬಣ್ಣ ಬಳಿಸಿಕೊಂಡಿತು. ಹಳೆಯ ಗೋಣಿ ಮುಟ್ಟಿದರೆ ಪುಡಿಯಾಗುತ್ತಿತ್ತು, ಹೊಸ ಗೋಣಿ ಬಿಗಿದೆವು.

ಕವರು ಎಳೆಯುವ ಮೊದಲು ನಾನು ಹುಬ್ಬಳ್ಳಿಗೆ ಫೋನು ಮಾಡಿದೆ. ಮಾವನಿಗೆ ಆಗ ಕಣ್ಣು ಮಂಜಾಗಿ ಅಂಗಡಿಯನ್ನು ಮಗ ನೋಡಿಕೊಳ್ಳುತ್ತಿದ್ದ.

"ತಮ್ಮಾ, ಹಳೇ ಕವರ್ ಒಗದೀಯೇನು?" ಎಂಬುದೇ ಅವರ ಮೊದಲ ಪ್ರಶ್ನೆ.

"ಇಲ್ಲ ಮಾಮಾ, ಇಟ್ಟೇನಿ."

"ಹಂಗಾರ ಅದರ ಹೊಲಿಗಿ ಬಿಚ್ಚಿ ನೋಡು. ಎಲ್ಲೆ ಬಿಗದಾರ, ಎಲ್ಲೆ ಸಡಲ ಬಿಟ್ಟಾರ, ಅದ ಹೇಳತೈತಿ. ನಡುವಿಂದ ಅಂಚಿಗೆ ಬಾ, ಅಂಚಿಂದ ನಡುಕ ಹೋಗಬ್ಯಾಡ. ಥಂಡಿಯೊಳಗ ರೆಗ್ಜಿನ್ ಎಳೀಬ್ಯಾಡ, ಬಿಸಲಿಗೆ ಹಾಕು."

"ಇಲ್ಲೆ ಬಿಸಲ ಎಲ್ಲೈತಿ ಮಾಮಾ?"

"ಹಂಗಾರ ಒಲಿ ಮುಂದ ಇಡು."

ಹೊಸ ಕವರನ್ನು ಗರಾಜಿನ ಹೀಟರಿನ ಮುಂದೆ ಹರಡಿ ಮೆತ್ತಗಾದ ಮೇಲೆ ಕೈಗೆತ್ತಿಕೊಂಡೆವು. ನಡುವಿನ ಗೆರೆಯನ್ನು ಮೊದಲು ಕೂರಿಸಿ, ಎಡಕ್ಕೊಂದು ಕೊಂಡಿ ಹಾಕಿದರೆ ಬಲಕ್ಕೊಂದು, ಹೀಗೆ ಅಂಚಿನ ಕಡೆ ಸರಿದೆವು. ಮೂಲೆಗೆ ಬಂದಾಗ ಅಂಗೈಯಿಂದ ವಿನೈಲನ್ನು ಸವರಿ ಸವರಿ ಸುಕ್ಕನ್ನು ಕೆಳಗೆ ಇಳಿಸಬೇಕು. ಎಳೆಯುವುದಕ್ಕಿಂತ ಸವರುವುದೇ ಹೆಚ್ಚು. ಹಳೆಯ ಕವರಿನ ಹೊಲಿಗೆ ರಂಧ್ರಗಳು ಉದ್ದಕ್ಕೆ ಜಗ್ಗಿದ್ದ ಕಡೆ ಕಾರ್ಖಾನೆಯವರು ಬಿಗಿ ಹಿಡಿದಿದ್ದರು, ಗುಂಡಗೇ ಉಳಿದಿದ್ದ ಕಡೆ ಸಡಿಲ ಬಿಟ್ಟಿದ್ದರು. ಮಾವ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅಮೆರಿಕದ ಕಾರಿನ ಸೀಟನ್ನು ಅವರು ಕಣ್ಣಲ್ಲಿ ಕಂಡವರಲ್ಲ.

ಹಿಂದಿನ ಸೀಟಿನ ಸ್ಪ್ರಿಂಗುಗಳ ನಡುವೆ ಮಡಿಚಿದ ಕಾಗದವೊಂದು ಸಿಕ್ಕಿತು. ಬಿಲ್ಡ್ ಶೀಟ್. ಕಾರು ಅಸೆಂಬ್ಲಿ ಲೈನಿನಲ್ಲಿ ಸಾಗುವಾಗ ಯಾವ ಕಾರಿಗೆ ಯಾವ ಭಾಗ ಎಂದು ಕೆಲಸದವರಿಗೆ ತಿಳಿಸುವ ಪಟ್ಟಿ ಅದು. ಕೆಲಸ ಮುಗಿದ ಮೇಲೆ ಅದರ ಗತಿ ಯಾರಿಗೂ ಬೇಕಿರಲಿಲ್ಲ. ಕೆಲವು ಸೀಟಿನೊಳಗೆ ಉಳಿದವು, ಕೆಲವು ಪೆಟ್ರೋಲ್ ಟ್ಯಾಂಕಿನ ಮೇಲೆ ಉಳಿದವು, ಮಿಕ್ಕವು ಕಸಕ್ಕೆ ಹೋದವು. ನಮಗೆ ಸಿಕ್ಕಿದ್ದು ಕಂದು ಬಣ್ಣಕ್ಕೆ ತಿರುಗಿ ಹಪ್ಪಳದಂತಾಗಿತ್ತು. ಹಿರಿಯರು ಅದನ್ನು ಅಲ್ಲೇ ಬಿಡಿಸಲಿಲ್ಲ. ತೇವ ಮಾಡಿದ ಬ್ಲಾಟಿಂಗ್ ಕಾಗದದ ಜೊತೆ ಮುಚ್ಚಳವಿರುವ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಗಾಜಿನ ಮೇಲೆ ಮಡಿಕೆ ಮಡಿಕೆಯಾಗಿ ಬಿಡಿಸಿದರು. ರೇಡಿಯೋ, ಪವರ್ ಸ್ಟೀರಿಂಗ್, ಕನ್ಸೋಲ್, ಬಾನೆಟ್ಟಿನ ಮೇಲಿನ ಟ್ಯಾಕೋಮೀಟರ್, ಒಂದೊಂದರ ಸಂಕೇತವೂ ಓದುವಂತಿತ್ತು. ಆ ಟ್ಯಾಕೋಮೀಟರನ್ನು ಪಾಂಟಿಯಾಕ್ ಕೊಡತೊಡಗಿದ್ದೇ 1967ರಲ್ಲಿ. ರಸ್ತೆಯಿಂದ ಕಣ್ಣು ತೆಗೆಯದೆ ಎಂಜಿನ್ನಿನ ವೇಗ ನೋಡಲೆಂದು ಮಾಡಿದ್ದು. ಬಿಸಿಲು ಮಳೆಯಲ್ಲೇ ಇರುವುದರಿಂದ ಒಳಗೆ ತೇವ ಕಟ್ಟಿ ಅಂಕಿಗಳು ಮಾಸುತ್ತವೆ. ನಮ್ಮದೂ ಮಾಸಿತ್ತು. ಅದನ್ನು ಬಿಚ್ಚಿ ಒಣಗಿಸಿ, ಮುಚ್ಚಳದ ಪ್ಲಾಸ್ಟಿಕ್ಕನ್ನು ಪಾಲಿಶ್ ಮಾಡಿ, ರಬ್ಬರ್ ಸೀಲ್ ಮಾತ್ರ ಹೊಸದು ಹಾಕಿದೆವು. ಅಂಕಿಗಳಿಗೆ ಹೊಸ ಬಣ್ಣ ಬಳಿಯಲಿಲ್ಲ.

ಡ್ಯಾಶ್‌ಬೋರ್ಡಿನ ಪ್ಯಾಡು ಉದ್ದಕ್ಕೂ ಸೀಳಿತ್ತು. ವಿನೈಲನ್ನು ಮೆದುವಾಗಿಡಲು ಬೆರೆಸಿದ ಎಣ್ಣೆಯಂಥ ಪದಾರ್ಥ ವರ್ಷಗಳುದ್ದಕ್ಕೂ ಬಿಸಿಲಿಗೆ ಆವಿಯಾಗಿ ಹೋಗುತ್ತದೆ. ಹಳೆಯ ಕಾರುಗಳ ಮುಂಗಾಜಿನ ಒಳಮುಖಕ್ಕೆ ಹತ್ತುವ ಜಿಡ್ಡು ಅದೇ. ಅದು ಹೋದ ಮೇಲೆ ಪ್ಯಾಡು ಬಿರುಸಾಗಿ ಸೀಳುತ್ತದೆ, ತುಂಬಿ ಮೆತ್ತಿದರೂ ನಿಲ್ಲುವುದಿಲ್ಲ. ಹೊಸದು ತರಿಸಿದೆವು. ಸ್ಟೀರಿಂಗ್ ಚಕ್ರದ ಬಿರುಕುಗಳನ್ನು ಮಾತ್ರ ನಾವೇ ಮುಚ್ಚಿದೆವು. ಬಿರುಕನ್ನು ಮೊದಲು ಅರದಿಂದ ಅಗಲ ಮಾಡಿ, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಉಜ್ಜಿ ಬಣ್ಣ ಕೊಡುವ ಕೆಲಸ. ಕಾರ್ಪೆಟ್ಟು, ಒಳಛಾವಣಿ ಸಲೀಸಾಗಿ ಮುಗಿದವು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕನ್ಸೋಲಿನಲ್ಲಿದ್ದ ಹರ್ಸ್ಟ್ ಕಂಪನಿಯ ಗೇರ್ ಲಿವರ್. ಅದಕ್ಕೆ ಎರಡು ಓಣಿ. ಎಡದ ಓಣಿಯಲ್ಲಿಟ್ಟರೆ ಮಾಮೂಲಿ ಆಟೊಮ್ಯಾಟಿಕ್, ಬಲದ್ದಕ್ಕೆ ತಂದರೆ ಒಂದೊಂದೇ ಗೇರನ್ನು ಕೈಯಿಂದ ಏರಿಸಬಹುದು. ಒಳಗಿನ ಗ್ರೀಸು ಅರಗಿನಂತೆ ಕಲ್ಲಾಗಿತ್ತು. ತೊಳೆದು ಹೊಸ ಗ್ರೀಸು ಹಚ್ಚಿದಾಗ ಲಿವರ್ ಓಣಿಯಿಂದ ಓಣಿಗೆ ದಾಟುವ ಟಕ್ಕೆಂಬ ಸದ್ದು ಮರಳಿತು. ಒಂದೇ ಒಂದು ಭಾಗವನ್ನೂ ಬದಲಿಸಬೇಕಾಗಲಿಲ್ಲ.

ಎಂಜಿನ್ನಿನ ಕಡೆ ಬಂದಾಗ ಹಿರಿಯರ ಪಾಳಿ. ದಶಕಗಳ ಎಣ್ಣೆ ಮಣ್ಣು ಮೆತ್ತಿ ಗಟ್ಟಿಯಾಗಿತ್ತು. ಮರದ ಚಕ್ಕೆಯಿಂದ ಕೆರೆದು, ಟರ್ಪಂಟೈನ್ ಜಾತಿಯ ದ್ರಾವಕದಲ್ಲಿ ಬ್ರಷ್ ಅದ್ದಿ ಉಜ್ಜುತ್ತ ಹೋದರೆ ಕೆಳಗಿನ ಎರಕದ ಕಬ್ಬಿಣ ತುಕ್ಕಿಲ್ಲದೆ ಇತ್ತು. ಕೊಳೆಯೇ ಅದನ್ನು ಕಾದಿತ್ತು. ಬ್ಲಾಕಿನ ಹಿಂಭಾಗದಲ್ಲಿ, ಡಿಸ್ಟ್ರಿಬ್ಯೂಟರ್ ಕೂರುವ ಜಾಗದ ಪಕ್ಕ, ಉಬ್ಬು ಅಕ್ಷರಗಳು ಕಂಡವು: ಡಿ 11 7. ಡಿ ಎಂದರೆ ನಾಲ್ಕನೇ ತಿಂಗಳು, 1967ರ ಏಪ್ರಿಲ್ 11, ಆ ಬ್ಲಾಕು ಎರಕವಾದ ದಿನ. ಮುಂಭಾಗದಲ್ಲಿ ವೈ ಎಸ್ ಎಂಬ ಎರಡಕ್ಷರದ ಮುದ್ರೆ, 335 ಅಶ್ವಶಕ್ತಿಯ ಆಟೊಮ್ಯಾಟಿಕ್ ಕಾರಿನ ಎಂಜಿನ್ ಎಂಬ ಗುರುತು. ಹಿರಿಯರು ಟಾರ್ಚ್ ಹಿಡಿದು ಆ ಉಬ್ಬಿನ ಮೇಲೆ ಹೆಬ್ಬೆರಳು ಆಡಿಸಿದರು. ಆ ಏಪ್ರಿಲಿನಲ್ಲಿ ಅವರು ಅದೇ ಫೌಂಡ್ರಿಯಲ್ಲಿದ್ದರು. ಇದು ನನ್ನ ಕೈಯದೇ ಇರಬಹುದು ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಮರಳಿನ ಅಚ್ಚು ಹೇಗೆ ಕಟ್ಟುತ್ತಿದ್ದರು, ಶಿಫ್ಟು ಮುಗಿದ ಮೇಲೂ ಮೂಗಿನಿಂದ ಕಪ್ಪು ಹೇಗೆ ಬರುತ್ತಿತ್ತು ಎಂದು ಹೇಳಿದರು. ಕಾರಿನ ಚರಿತ್ರೆ ಬರೆಯುವವರು ಡಿಲೋರಿಯನ್ ಹೆಸರನ್ನು ತಪ್ಪದೆ ಬರೆಯುತ್ತಾರೆ. ಈ ಕಪ್ಪಿನ ಮಾತೂ ಅಲ್ಲಿ ಇರಬೇಕು.

ಎಂಜಿನ್ ಕೋಣೆಯಲ್ಲಿ ಒಂದೊಂದು ಭಾಗಕ್ಕೂ ಒಂದೊಂದು ಮೈಬಣ್ಣ. ಎಲ್ಲವನ್ನೂ ಮಿರಮಿರ ಕಪ್ಪು ಬಳಿದರೆ ಆ ಕೋಣೆ ಸತ್ತಂತೆ. ಎಂಜಿನ್ನಿಗೆ ಪಾಂಟಿಯಾಕ್‌ನ ತಿಳಿನೀಲಿ ಮೆಟಾಲಿಕ್. ಹಿಂದಿನ ಗೋಡೆಗೆ ಅರೆಹೊಳಪಿನ ಕಪ್ಪು. ಬ್ರೇಕ್ ಬೂಸ್ಟರಿಗೆ ಚಿನ್ನದ ಛಾಯೆಯಲ್ಲಿ ಕಾಮನಬಿಲ್ಲಿನ ಬಣ್ಣ ಹೊಳೆಯುವ ಲೇಪ. ಬಾನೆಟ್ಟಿನ ಕೀಲುಗಳಿಗೆ ಬಣ್ಣವೇ ಇಲ್ಲ, ಫಾಸ್ಫೇಟ್ ದ್ರಾವಣದಲ್ಲಿ ಕಾಯಿಸಿ ಎಣ್ಣೆ ಸವರಿದ ಗಾಢ ಬೂದು. ಅದನ್ನು ಹಿರಿಯರು ಸ್ಟೀಲ್ ಪಾತ್ರೆಯಲ್ಲಿ ದ್ರಾವಣ ಕಾಯಿಸಿ, ಗರಾಜಿನ ಬಾಗಿಲು ತೆರೆದಿಟ್ಟುಕೊಂಡು ತಾವೇ ಮಾಡಿದರು. ಏರ್ ಕ್ಲೀನರ್ ಮುಚ್ಚಳದ ಕ್ರೋಮಿನ ಮೇಲೆ ತುಕ್ಕಿನ ಚುಕ್ಕಿಗಳಿದ್ದವು. ಅಲ್ಯೂಮಿನಿಯಂ ಫಾಯಿಲನ್ನು ಉಂಡೆ ಮಾಡಿ ನೀರಿನಲ್ಲಿ ಅದ್ದಿ ತಿಕ್ಕಿದರೆ ತುಕ್ಕು ಹೋಗುತ್ತದೆ, ಕ್ರೋಮಿಗಿಂತ ಅಲ್ಯೂಮಿನಿಯಂ ಮೆದುವಾದ್ದರಿಂದ ಗೀರು ಬೀಳುವುದಿಲ್ಲ. ವಾಲ್ವ್ ಕವರುಗಳಲ್ಲಿ ಮಾತ್ರ ತುಕ್ಕು ಆಳಕ್ಕಿಳಿದಿತ್ತು, ಅವನ್ನು ಪ್ಲೇಟಿಂಗ್ ಅಂಗಡಿಗೆ ಕೊಟ್ಟೆವು. ಅಲ್ಲಿ ಹಳೆಯ ಲೇಪ ಕಳಚಿ, ಪಾಲಿಶ್ ಮಾಡಿ, ತಾಮ್ರ, ಆಮೇಲೆ ನಿಕಲ್, ಕೊನೆಗೆ ಕ್ರೋಮ್ ಕೊಡುತ್ತಾರೆ. ಕ್ರೋಮಿನ ಪದರ ಒಂದು ಮೈಕ್ರಾನಿಗಿಂತಲೂ ತೆಳು. ಕಣ್ಣಿಗೆ ಕಾಣುವ ಹೊಳಪಿನ ಆಳವೆಲ್ಲ ಕೆಳಗಿನ ನಿಕಲ್ಲಿನದು, ಪಾಲಿಶ್ ಹಿಡಿದವನ ತೋಳಿನದು.

ನಮ್ಮಿಬ್ಬರ ನಡುವೆ ವಾದ ನಡೆದದ್ದು ಹಿಂದಿನ ಗೋಡೆಯ ವಿಷಯದಲ್ಲಿ. ಕೊಳೆ ತೊಳೆದಾಗ ಕಪ್ಪಿನ ಮೇಲೆ ಮೇಣದ ಬಳಪದಿಂದ ಗೀಚಿದ ಒಂದು ಅಂಕಿ, ಒಂದು ಅಡ್ಡಗೆರೆ ಕಂಡವು. ಲೈನಿನ ಮೇಲೆ ಯಾರೋ ಪರೀಕ್ಷಿಸಿ ಹಾಕಿದ ಗುರುತು. ಗೋಡೆಯ ಕೆಳಭಾಗಕ್ಕೆ ತುಕ್ಕು ಹಿಡಿದಿತ್ತು, ಪೂರ್ತಿ ಉಜ್ಜಿ ಬಳಿದರೆ ಅಚ್ಚುಕಟ್ಟು. ಅವರು ಬಳಿಯೋಣ ಎಂದರು, ನಾನು ಬೇಡವೆಂದೆ. ಕೊನೆಗೆ ಅವರು ಗೆರೆಯ ಸುತ್ತ ಟೇಪು ಅಂಟಿಸಿ, ತುಕ್ಕಿದ್ದ ಭಾಗವನ್ನಷ್ಟೇ ಉಜ್ಜಿ, ಬಣ್ಣದ ಅಂಚು ಹಳೆಯದರೊಳಗೆ ಕರಗುವಂತೆ ತುಂತುರಿಸಿದರು. ಹತ್ತಿರ ಬಾಗಿ ನೋಡಿದರೆ ಜೋಡಣೆ ತಿಳಿಯುತ್ತದೆ. ತಿಳಿಯಲಿ. ಕಾರ್ಖಾನೆಯಿಂದ ಬಂದಾಗ ಇದ್ದುದಕ್ಕಿಂತ ಹೆಚ್ಚು ಹೊಳೆಯುವಂತೆ ಮಾಡಿದ ಕಾರುಗಳನ್ನು ನಾನು ಪ್ರದರ್ಶನಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಅವುಗಳಲ್ಲಿ ಇಂದಿನ ಪೇಂಟರಿನ ಕೌಶಲ ಕಾಣುತ್ತದೆ, 1967ರ ಕೆಲಸಗಾರ ಕಾಣುವುದಿಲ್ಲ.

ಹಾಗೆಂದು ಹಳೆಯದೆಲ್ಲ ಪೂಜ್ಯವಲ್ಲ. ಬ್ರೇಕು, ಪೆಟ್ರೋಲು, ಕರೆಂಟು ಈ ಮೂರರ ವಿಷಯದಲ್ಲಿ ಮಮಕಾರ ಕೂಡದು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಹಳೆಯ ರಬ್ಬರ್ ಪೈಪನ್ನು ಅದು ತಿಂದುಹಾಕುತ್ತದೆ. ಪೈಪುಗಳೆಲ್ಲ ಹೊಸದಾದವು. ಕ್ವಾಡ್ರಾಜೆಟ್ ಕಾರ್ಬುರೇಟರಿನ ತಳದ ಬಿರಡೆಗಳು ಸೋರುವುದು ಪ್ರಸಿದ್ಧ, ಅವನ್ನು ಎಪಾಕ್ಸಿಯಿಂದ ಮುಚ್ಚಿ, ಪೆಟ್ರೋಲು ಹೀರಿ ಭಾರವಾಗಿದ್ದ ಫ್ಲೋಟನ್ನು ಬದಲಿಸಿದೆವು. ವೈರಿನ ಹೊದಿಕೆ ಬಗ್ಗಿಸಿದ ಕಡೆಯೆಲ್ಲ ಉದುರುತ್ತಿತ್ತು, ಎಂಜಿನ್ ಕಡೆಯ ವೈರಿಂಗ್ ಪೂರ್ತಿ ಬದಲಾಯಿತು. ಆ ಕಾಲದ ಬ್ರೇಕ್ ಲೈನಿಂಗಿನಲ್ಲಿ, ಕೆಲವು ಶಾಖತಡೆ ಹಾಸುಗಳಲ್ಲಿ ಕಲ್ನಾರು ಇರುತ್ತದೆ. ಗಾಳಿ ಊದಿ ಧೂಳು ಹಾರಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಮಾಸ್ಕ್ ಹಾಕಿಯೇ ಕೆಲಸ ಮಾಡಬೇಕು. ಫೌಂಡ್ರಿಯಲ್ಲಿ ಜೊತೆಗಾರರ ಶ್ವಾಸಕೋಶ ಹಾಳಾದದ್ದನ್ನು ಕಂಡಿದ್ದ ಹಿರಿಯರು ಈ ಒಂದು ವಿಷಯದಲ್ಲಿ ನನ್ನನ್ನು ಗದರಿಸುತ್ತಿದ್ದರು.

ಮರುವರ್ಷ ಆಗಸ್ಟಿನ ಮೂರನೇ ಶನಿವಾರ ಕಾರನ್ನು ವುಡ್‌ವರ್ಡ್ ಅವೆನ್ಯೂಗೆ ಒಯ್ದೆವು. ಡೆಟ್ರಾಯಿಟಿನಿಂದ ಪಾಂಟಿಯಾಕ್‌ಗೆ ಹೋಗುವ ಹೆದ್ದಾರಿ ಅದು. ಅರವತ್ತರ ದಶಕದಲ್ಲಿ ಹುಡುಗರು ರಾತ್ರಿ ಹೊತ್ತು ಪಂದ್ಯ ಕಟ್ಟುತ್ತಿದ್ದ ಜಾಗ. 1995ರಿಂದ ಅಲ್ಲಿ ವರ್ಷಕ್ಕೊಮ್ಮೆ ಹಳೆಯ ಕಾರುಗಳ ಜಾತ್ರೆ ನಡೆಯುತ್ತದೆ. ಹಿರಿಯರು ಓಡಿಸಿದರು, ನಾನು ಪಕ್ಕದಲ್ಲಿ ಕೂತೆ. ಬಾನೆಟ್ ತೆರೆದು ನಿಲ್ಲಿಸಿದಾಗ ಜನ ನೀಲಿ ಎಂಜಿನ್ನನ್ನೂ ಕ್ರೋಮನ್ನೂ ನೋಡಿ ಮೆಚ್ಚಿ ಹೋದರು. ಪಾಂಟಿಯಾಕ್ ಪ್ಲಾಂಟಿನಲ್ಲೇ ದುಡಿದಿದ್ದ ಮುದುಕಿಯೊಬ್ಬರು ಮಾತ್ರ ಕನ್ನಡಕ ಏರಿಸಿಕೊಂಡು ಹಿಂದಿನ ಗೋಡೆಯ ಬಳಪದ ಗೆರೆಯನ್ನು ಗುರುತಿಸಿ, "ಇದನ್ನು ಉಳಿಸಿದ್ದೀರಲ್ಲ" ಎಂದರು. ಕಾರು ಈಗ ಹಿರಿಯರ ಮೊಮ್ಮಗಳ ಬಳಿ ಇದೆ. ಬಿಲ್ಡ್ ಶೀಟ್ ಗಾಜಿನ ಚೌಕಟ್ಟಿನಲ್ಲಿದೆ, ಹರಿದ ಸೀಟು ಕವರು ಮಡಿಚಿದಂತೆಯೇ ಡಬ್ಬದಲ್ಲಿದೆ.

ಕರ್ನಾಟಕಕ್ಕೆ ಬಂದಾಗೆಲ್ಲ ಹಳೆಯ ಅಂಬಾಸಿಡರ್, ಪದ್ಮಿನಿಗಳನ್ನು ಪ್ರೀತಿಯಿಂದ ಸರಿಮಾಡಿಸುತ್ತಿರುವವರು ಸಿಗುತ್ತಾರೆ. ಅವರಿಗೆ ನನ್ನದೊಂದು ಕೋರಿಕೆ. ಗಾಡಿಯನ್ನು ಅಂಗಡಿಗೆ ಬಿಡುವಾಗಲೇ, ಬಿಚ್ಚಿದ್ದನ್ನೆಲ್ಲ ನನಗೆ ವಾಪಸು ಕೊಡಿ ಎಂದು ಹೇಳಿಬಿಡಿ. ಹಳೆಯ ಕವರು, ಅದರ ಕಂಬಿ, ತುಕ್ಕು ಹಿಡಿದ ಬೋಲ್ಟು, ಸ್ಪ್ರಿಂಗಿನ ನಡುವೆ ಸಿಕ್ಕ ಚೀಟಿ, ಏನೇ ಇರಲಿ, ಹೊಸದು ಕೂತು ಗಾಡಿ ನಾಲ್ಕು ತಿಂಗಳು ಓಡುವವರೆಗೆ ಒಂದನ್ನೂ ಗುಜರಿಗೆ ಹಾಕಬೇಡಿ.